ಸ್ಟ್ರೆಚರಿನ ಮೇಲಿನ ಮೂರು ಕೆಂಪು

ಸಂಡೂರಿನ ಗಣಿ ರಸ್ತೆಯಲ್ಲಿ ಓಡಾಡಿದ ಯಾವ ವಾಹನವೂ ಹೊರಟಾಗಿನ ಬಣ್ಣದಲ್ಲಿ ಊರಿಗೆ ಮರಳುವುದಿಲ್ಲ. ಲಾರಿ, ಬಸ್ಸು, ಮೋಟಾರ್ ಸೈಕಲ್ಲು, ರಸ್ತೆ ಬದಿಯ ಬೇವಿನ ಮರ, ಎಲ್ಲಕ್ಕೂ ಒಂದೇ ಕೆಂಪು ಲೇಪ. ಆಂಬುಲೆನ್ಸ್ ಕೂಡ ಇದಕ್ಕೆ ಹೊರತಲ್ಲ. ಅದರ ಹಿಂಬಾಗಿಲು ತೆರೆದು ಒಳಗಿನ ಸ್ಟ್ರೆಚರನ್ನು ಒದ್ದೆಯಾದ ಬಿಳಿ ಬಟ್ಟೆಯಿಂದ ಒಮ್ಮೆ ಒರೆಸಿದರೆ ಸಾಕು, ಬಟ್ಟೆ ಕೆಂಪಾಗುತ್ತದೆ. ಈ ಭಾಗದ ಜನರಿಗೆ ಅದರಲ್ಲಿ ವಿಶೇಷವೇನೂ ಕಾಣದು. ‘ಧೂಳು ಬಿಡ್ರಿ’ ಎಂದು ಸುಮ್ಮನಾಗುತ್ತಾರೆ.

ಆದರೆ ಅದು ಬರೀ ಧೂಳೇ ಎಂದು ಹೇಳುವುದು ಹೇಗೆ?

ಸಂಡೂರಿನ ಬೆಟ್ಟಗಳಲ್ಲಿ, ದೋಣಿಮಲೈ ಗಣಿಯಲ್ಲಿ ಸಿಗುವ ಕಬ್ಬಿಣದ ಅದಿರಿಗೆ ಹೆಮಟೈಟ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ‘ಹೈಮಾ’ ಎಂದರೆ ರಕ್ತ. ಅರೆದಾಗ ರಕ್ತದಂತೆ ಕಾಣುವ ಕಲ್ಲು ಎಂಬ ಕಾರಣಕ್ಕೆ ಆ ಹೆಸರು ಬಂತು. ರಕ್ತದಲ್ಲಿರುವ ಹಿಮೋಗ್ಲೋಬಿನ್ನಿನ ಹೆಸರಿಗೂ ಅದೇ ಬೇರು. ಹೋಲಿಕೆ ಹೆಸರಿಗೇ ಮುಗಿಯುವುದಿಲ್ಲ. ಎರಡರಲ್ಲೂ ಇರುವುದು ಕಬ್ಬಿಣ. ದೇಹದಿಂದ ಹೊರಬಿದ್ದ ರಕ್ತ ಒಣಗುತ್ತಾ ಹೋದಂತೆ ಅದರ ಕಬ್ಬಿಣ ಉತ್ಕರ್ಷಣಗೊಂಡು ಫೆರಿಕ್ ಸ್ಥಿತಿಗೆ ತಿರುಗುತ್ತದೆ, ಬಣ್ಣ ಕಂದುಗೆಂಪಾಗುತ್ತದೆ. ಅದಿರಿನಲ್ಲಿರುವ ಕಬ್ಬಿಣವೂ ಫೆರಿಕ್ ಸ್ಥಿತಿಯದೇ. ಸ್ಟ್ರೆಚರಿನ ಕಾಲುಗಳ ಸಂದಿನಲ್ಲಿ ಕಾಣುವ ತುಕ್ಕೂ ಅಷ್ಟೆ. ಹೀಗೆ ಒಂದೇ ಸ್ಟ್ರೆಚರಿನ ಮೇಲೆ ಮೂರು ಕೆಂಪುಗಳು ಸೇರಿರುತ್ತವೆ: ಅದಿರಿನ ಧೂಳು, ಹಿಂದಿನ ರೋಗಿಯ ರಕ್ತ, ಕಬ್ಬಿಣದ ತುಕ್ಕು. ಕಣ್ಣಿಗೆ ಮೂರೂ ಹೆಚ್ಚು ಕಡಿಮೆ ಒಂದೇ. ಮೊದಲನೆಯದು ಕೊಳೆ, ಎರಡನೆಯದು ರೋಗ ತರಬಲ್ಲದ್ದು. ಮೂರನೆಯದು ಬಹಳ ಸಲ ಆ ರೋಗವನ್ನು ತಡೆಯಲು ಹೋಗಿ ಮನುಷ್ಯನೇ ಮಾಡಿಕೊಂಡದ್ದು.

ಬೇರೆ ಊರುಗಳಲ್ಲಿ ಸ್ಟ್ರೆಚರಿನ ಮೇಲೆ ಕೆಂಪು ಕಲೆ ಕಂಡರೆ ಯಾರಾದರೂ ಗಾಬರಿಯಾಗುತ್ತಾರೆ. ಈ ಸೀಮೆಯಲ್ಲಿ ಆ ಗಾಬರಿ ಧೂಳಿನಲ್ಲಿ ಮುಚ್ಚಿಹೋಗುತ್ತದೆ. ಆದ್ದರಿಂದ ಇಲ್ಲಿನ ಆಸ್ಪತ್ರೆಗಳಲ್ಲಿ ಸ್ಟ್ರೆಚರು, ಗಾಲಿಕುರ್ಚಿ ತೊಳೆಯುವವರು ಪಾಲಿಸಬೇಕಾದ ಮೊದಲ ನಿಯಮ ಸರಳ: ಪ್ರತಿ ಕೆಂಪನ್ನೂ ರಕ್ತವೆಂದೇ ತಿಳಿದು ಕೆಲಸಕ್ಕೆ ಇಳಿಯುವುದು.

ಹರಿಗೋಲಿನಿಂದ 108ರವರೆಗೆ

ರೋಗಿಯನ್ನು ಹೊತ್ತೊಯ್ಯುವ ಸಾಧನಗಳಿಗೆ ಈ ಭಾಗದಲ್ಲಿ ದೊಡ್ಡ ಇತಿಹಾಸವಿದೆ. ಹೊರಸಿನ ಮೇಲೆ ಮಲಗಿಸಿ ನಾಲ್ಕು ಜನ ಹೆಗಲು ಕೊಡುವುದು, ಕಂಬಳಿಯ ಜೋಲಿ ಕಟ್ಟಿ ಬೆಟ್ಟ ಇಳಿಸುವುದು, ಎತ್ತಿನ ಗಾಡಿಗೆ ಹುಲ್ಲು ಹಾಸುವುದು ಹಿರಿಯರು ಕಂಡ ಮಾತು. ಕಂಪ್ಲಿ, ಆನೆಗೊಂದಿಯ ಕಡೆ ಹರಿಗೋಲೇ ಎಷ್ಟೋ ಕಾಲ ಆಂಬುಲೆನ್ಸಾಗಿತ್ತು. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿಯಿಂದ ಗಂಗಾವತಿಗೆ ಹೋಗುವ ಸೇತುವೆ ಮುಳುಗಿ ದಾರಿ ಕಟ್ಟಿಹೋದದ್ದೂ ಉಂಟು.

ನದಿಯ ಮೇಲೆ ರೋಗಿಗಳ ಸಾಗಾಟ ಹಿಂದುಳಿದ ನಾಡಿನ ಲಕ್ಷಣವೆಂದು ಮೂಗು ಮುರಿಯಬೇಕಿಲ್ಲ. ಲಂಡನ್ನಿನಲ್ಲಿ 1884ರಿಂದ ಸಿಡುಬಿನ ರೋಗಿಗಳನ್ನು ಥೇಮ್ಸ್ ನದಿಯಲ್ಲಿ ಉಗಿದೋಣಿಗಳಲ್ಲಿ ಒಯ್ಯುತ್ತಿದ್ದರು. ಅದಕ್ಕೂ ಮೊದಲು ಅಲ್ಲಿ ರೋಗಿಗಳು ಬಾಡಿಗೆಯ ಕುದುರೆ ಗಾಡಿಯಲ್ಲೇ ಆಸ್ಪತ್ರೆಗೆ ಹೋಗುತ್ತಿದ್ದರು. ಸಿಡುಬಿನವರು ಇಳಿದ ಗಾಡಿಗೆ ಮರುಗಳಿಗೆಯಲ್ಲೇ ಮದುವೆಗೆ ಹೊರಟವರು ಹತ್ತಬಹುದಾಗಿತ್ತು. 1866ರ ಸ್ಯಾನಿಟರಿ ಕಾಯ್ದೆ ಈ ಅಪಾಯಕ್ಕೆ ದಂಡ ವಿಧಿಸಿತು. ರೋಗಿಯನ್ನು ಹೊತ್ತ ಗಾಡಿಯೇ ರೋಗವನ್ನೂ ಹೊತ್ತೀತು ಎಂಬ ಅರಿವು ಕಾನೂನಾದದ್ದು ಹೀಗೆ. ರೋಗಾಣುಗಳ ಸಿದ್ಧಾಂತ ಆಗಿನ್ನೂ ಪೂರ್ತಿ ಒಪ್ಪಿತವಾಗಿರಲಿಲ್ಲ ಎಂಬುದನ್ನು ಗಮನಿಸಬೇಕು.

ಕರ್ನಾಟಕದಲ್ಲಿ 108 ಆಂಬುಲೆನ್ಸ್ ಸೇವೆ ಬಂದದ್ದು 2008ರಲ್ಲಿ. ಆಮೇಲೆ ಹಳ್ಳಿಯ ಹೊರಸು ಮೂಲೆ ಸೇರಿತು. ಕಂಪ್ಲಿಯಿಂದಲೋ ಸಂಡೂರಿನಿಂದಲೋ ಹೊರಟ ರೋಗಿ ಹೊಸಪೇಟೆ ಮುಟ್ಟಲು ಮೂವತ್ತು ಕಿಲೋಮೀಟರಿನ ಆಸುಪಾಸು. ಅಲ್ಲಿಂದ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕಳುಹಿಸಿದರೆ ಮತ್ತೆ ಅರವತ್ತಕ್ಕೂ ಹೆಚ್ಚು. ಈ ದಾರಿಯಲ್ಲಿ ಒಬ್ಬ ರೋಗಿ ಎಷ್ಟು ಸಾಧನಗಳನ್ನು ಮುಟ್ಟುತ್ತಾನೆ ಎಂದು ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು: ಆಂಬುಲೆನ್ಸಿನ ಸ್ಟ್ರೆಚರು, ತಾಲ್ಲೂಕು ಆಸ್ಪತ್ರೆಯ ಟ್ರಾಲಿ, ಎಕ್ಸ್‌ರೇ ಕೋಣೆಗೆ ಒಯ್ಯುವ ಗಾಲಿಕುರ್ಚಿ, ಮಂಚದಿಂದ ಮಂಚಕ್ಕೆ ಜಾರಿಸುವ ಹಲಗೆ, ಮತ್ತೊಂದು ಆಂಬುಲೆನ್ಸು, ಮತ್ತೊಂದು ಟ್ರಾಲಿ. ಆರು ಸಾಧನಗಳಾದವು. ಮಂಚವಾದರೆ ಒಬ್ಬ ರೋಗಿಗೆ ದಿನಗಟ್ಟಲೆ ಮೀಸಲು. ಟ್ರಾಲಿ ಹಾಗಲ್ಲ, ಒಂದೇ ದಿನದಲ್ಲಿ ಹತ್ತಾರು ಜನರ ಬೆವರು, ವಾಂತಿ, ರಕ್ತ ಅದಕ್ಕೆ ತಗಲುತ್ತದೆ. ಆದರೂ ವಾರ್ಡಿನ ನೆಲಕ್ಕೆ ಸಿಗುವ ಗಮನ ಟ್ರಾಲಿಗೆ ಸಿಗುವುದು ಅಪರೂಪ. ನೆಲ ಎಲ್ಲರಿಗೂ ಕಾಣುತ್ತದೆ. ಟ್ರಾಲಿ ಹಿಡಿಯ ಅಡಿಭಾಗವನ್ನು ಬಗ್ಗಿ ನೋಡುವವರು ಯಾರು?

ಆ ಅಡಿಭಾಗದಲ್ಲಿ ಏನಿರಬಹುದು? ಹಳದಿ ಕಾಮಾಲೆ ತರುವ ಹೆಪಟೈಟಿಸ್ ‘ಬಿ’ ವೈರಸ್ ಒಣಗಿದ ರಕ್ತದಲ್ಲಿ ಕನಿಷ್ಠ 7 ದಿನ ಸೋಂಕು ತರುವ ಶಕ್ತಿ ಉಳಿಸಿಕೊಂಡಿರುತ್ತದೆ. ಗಾಯದಲ್ಲಿ ಕೀವು ತರುವ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯ ಒಣ ಮೇಲ್ಮೈಗಳ ಮೇಲೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲದು. ಮೊಣಕಾಲು ತರಚಿಕೊಂಡ ಹುಡುಗನೊಬ್ಬ ಆ ಹಿಡಿ ಹಿಡಿದು ಮೇಲೇರಿ, ಆಮೇಲೆ ಅದೇ ಕೈಯಿಂದ ಗಾಯ ಮುಟ್ಟಿಕೊಂಡರೆ ಸಾಕು.

ಸಿಂಪಡಿಸುವುದೋ, ಒರೆಸುವುದೋ?

2020ರ ಮಾರ್ಚ್ ಕೊನೆಯಲ್ಲಿ ಆಗಿನ ಬಳ್ಳಾರಿ ಜಿಲ್ಲೆಯ ಮೊದಲ ಕೋವಿಡ್ ಪ್ರಕರಣಗಳು ಹೊಸಪೇಟೆಯಲ್ಲಿ ಪತ್ತೆಯಾದವು. ಅಲ್ಲಿಯವರೆಗೆ ಯಾರ ಬಾಯಲ್ಲೂ ಇಲ್ಲದ ‘ಸೋಡಿಯಂ ಹೈಪೋಕ್ಲೋರೈಟ್’ ಎಂಬ ಹೆಸರು ಒಂದೇ ವಾರದಲ್ಲಿ ಮನೆಮಾತಾಯಿತು. ಬೀದಿ, ಬಸ್ಸು, ತರಕಾರಿ ಮಾರುಕಟ್ಟೆ, ಕೊನೆಗೆ ಜನರ ಮೈಮೇಲೂ ಅದನ್ನು ಸಿಂಪಡಿಸುವ ಉತ್ಸಾಹ ದೇಶದ ಹಲವೆಡೆ ಕಂಡಿತು. ಏಪ್ರಿಲ್ 18ರಂದು ಕೇಂದ್ರ ಆರೋಗ್ಯ ಸಚಿವಾಲಯವೇ ಜನರ ಮೇಲೆ ಸಿಂಪಡಣೆ ಬೇಡ, ಅದರಿಂದ ಹಾನಿಯೇ ಹೆಚ್ಚು ಎಂದು ಸೂಚನೆ ಹೊರಡಿಸಬೇಕಾಯಿತು. ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕಟ್ಟಡಗಳ ಒಳಗಿನ ಮೇಲ್ಮೈಗಳಿಗೂ ವಾಡಿಕೆಯಾಗಿ ಸಿಂಪಡಿಸುವುದು ಬೇಡ, ಅದ್ದಿದ ಬಟ್ಟೆಯಿಂದ ಒರೆಸಿ ಎಂದಿತು.

ಏಕೆ? ಸಿಂಪಡಿಸಿದ ಹನಿ ಬಿದ್ದಲ್ಲಿ ಬೀಳುತ್ತದೆ, ಉಳಿದಲ್ಲಿ ಇಲ್ಲ. ಸ್ಟ್ರೆಚರಿನ ಮೇಲ್ಭಾಗ ಒದ್ದೆಯಾಗುತ್ತದೆ, ಹಿಡಿಯ ಕೆಳಭಾಗ ಒಣಗಿಯೇ ಇರುತ್ತದೆ. ಧೂಳಿನ ಮೇಲೆ ಬಿದ್ದ ದ್ರಾವಣ ಧೂಳನ್ನಷ್ಟೇ ನೆನೆಸುತ್ತದೆ. ಇನ್ನೊಂದು, ಆಂಬುಲೆನ್ಸಿನಂತಹ ಸಣ್ಣ ಗೂಡಿನಲ್ಲಿ ಪಂಪು ಹಿಡಿದು ನಿಂತವನ ಶ್ವಾಸಕೋಶಕ್ಕೆ ಹೋಗುವ ಪಾಲೂ ಕಡಿಮೆಯೇನಲ್ಲ. ಸಿಂಪಡಣೆ ಕಣ್ಣಿಗೆ ಭರ್ಜರಿಯಾಗಿ ಕಾಣುತ್ತದೆ. ಬಟ್ಟೆಯಿಂದ ಉಜ್ಜುವವಳನ್ನು ಯಾರೂ ಫೋಟೋ ತೆಗೆಯುವುದಿಲ್ಲ. ಕೆಲಸ ಆಗುವುದು ಮಾತ್ರ ಅವಳಿಂದಲೇ.

ಕೋವಿಡ್ ಮುಖ್ಯವಾಗಿ ಹರಡುವುದು ಗಾಳಿಯಿಂದ, ಮುಟ್ಟಿದ ವಸ್ತುವಿನಿಂದ ಬರುವ ಸಾಧ್ಯತೆ ಬಹಳ ಕಡಿಮೆ ಎಂಬುದು ಆಮೇಲೆ ಖಚಿತವಾಯಿತು. ಹಾಗೆಂದು ಆ ದಿನಗಳ ಒರೆಸುವ ಅಭ್ಯಾಸ ದಂಡವಾಗಲಿಲ್ಲ. ಕೀವಿನ ರೋಗಾಣು, ಕಾಮಾಲೆಯ ವೈರಸ್, ವಾಂತಿಭೇದಿಯ ಸೋಂಕು ಇವಕ್ಕೆ ಮೇಲ್ಮೈಯೇ ದಾರಿ. ಬೇಸರದ ಸಂಗತಿಯೆಂದರೆ, ಕೋವಿಡ್ ಇಳಿದಂತೆ ಬಕೆಟ್ಟೂ ಬಟ್ಟೆಯೂ ಎಷ್ಟೋ ಕಡೆ ಮೂಲೆಗೆ ಸರಿದವು.

ಮೊದಲು ಸೋಪು

ಸೋಂಕುನಿವಾರಕ ಎಂದರೆ ಕೊಳೆಯನ್ನೂ ತೆಗೆಯುವ ದ್ರವ ಎಂಬ ತಪ್ಪು ಕಲ್ಪನೆ ವ್ಯಾಪಕವಾಗಿದೆ. ಎರಡು ಕೆಲಸಗಳೂ ಬೇರೆ. ಕೊಳೆ ತೆಗೆಯುವುದು ಸೋಪಿನ ನೀರು ಮತ್ತು ತೋಳಿನ ಬಲ. ಉಳಿದ ರೋಗಾಣುವನ್ನು ಕೊಲ್ಲುವುದು ಸೋಂಕುನಿವಾರಕ. ಎರಡನೆಯದನ್ನು ಮೊದಲು ಮಾಡಿದರೆ ದುಡ್ಡು ದಂಡ.

ಕ್ಲೋರಿನ್ ಮೂಲದ ಸೋಂಕುನಿವಾರಕವನ್ನೇ ನೋಡೋಣ. ಅದು ರೋಗಾಣುವನ್ನು ಕೊಲ್ಲುವುದು ಅದರ ಪ್ರೋಟೀನನ್ನು ಉತ್ಕರ್ಷಿಸಿ ಕೆಡಿಸುವ ಮೂಲಕ. ಆದರೆ ರೋಗಾಣುವಿನ ಪ್ರೋಟೀನು ಯಾವುದು, ರಕ್ತದ ಪ್ರೋಟೀನು ಯಾವುದು, ಗದ್ದೆಯ ಕೆಸರಿನಲ್ಲಿ ಕೊಳೆತ ಎಲೆ ಯಾವುದು ಎಂಬ ವಿವೇಚನೆ ಕ್ಲೋರಿನ್ನಿಗಿಲ್ಲ. ಎದುರಿಗೆ ಸಿಕ್ಕಿದ್ದರ ಮೇಲೆ ತನ್ನ ಶಕ್ತಿಯನ್ನು ಖರ್ಚು ಮಾಡಿ ಮುಗಿಸುತ್ತದೆ. ಒಂದು ಚಮಚ ರಕ್ತದ ಹೆಪ್ಪಿನ ಮೇಲೆ ಕ್ಲೋರಿನ್ ನೀರು ಸುರಿದರೆ ಮೇಲ್ಪದರದಲ್ಲೇ ಅದು ತೀರಿಹೋಗಿ, ಒಳಗಿನ ವೈರಸ್ಸು ನಿಶ್ಚಿಂತೆಯಿಂದ ಇರುತ್ತದೆ.

ಇಲ್ಲಿ ಊರಿಂದೂರಿಗೆ ವ್ಯತ್ಯಾಸವಿದೆ. ಸಂಡೂರಿನ ಧೂಳು ಖನಿಜ. ಅದು ಕ್ಲೋರಿನ್ನನ್ನು ಹೆಚ್ಚು ತಿನ್ನದು, ಆದರೆ ಪದರ ಕಟ್ಟಿ ರೋಗಾಣುವಿಗೆ ಮರೆಯಾಗಿ ನಿಲ್ಲುತ್ತದೆ. ಒಣ ಬಟ್ಟೆಯಿಂದ ಕೊಡವಿದರೆ ಎದ್ದು ಗಾಳಿಗೆ ಸೇರಿ ಮತ್ತೆ ಅಲ್ಲೇ ಕೂರುತ್ತದೆ, ಆದ್ದರಿಂದ ಒದ್ದೆ ಬಟ್ಟೆಯೇ ಬೇಕು. ಕಂಪ್ಲಿಯ ಕಡೆ ಬತ್ತದ ಗದ್ದೆ, ಕಬ್ಬಿನ ಹೊಲ. ಹಾವು ಕಚ್ಚಿಸಿಕೊಂಡು ಬಂದವರ ಕಾಲಿನ ಕೆಸರಿನಲ್ಲಿ ಸಾವಯವ ವಸ್ತು ಹೇರಳ. ಅದು ಕ್ಲೋರಿನ್ನನ್ನು ನುಂಗಿಬಿಡುತ್ತದೆ. ಇನ್ನು ಕೀಟನಾಶಕ ಸೇವಿಸಿದವರ ವಾಂತಿ ಬಿದ್ದ ಸ್ಟ್ರೆಚರಿನ ಕಥೆಯೇ ಬೇರೆ. ಅಲ್ಲಿನ ಮೊದಲ ಅಪಾಯ ರೋಗಾಣುವಲ್ಲ, ವಿಷ. ಬರಿಗೈಯಲ್ಲಿ ಒರೆಸಿದವರ ಚರ್ಮದ ಮೂಲಕವೇ ಅದು ಒಳಗಿಳಿಯಬಲ್ಲದು. ಅಲ್ಲಿಗೆ ಬೇಕಾದದ್ದು ದಪ್ಪ ರಬ್ಬರ್ ಗ್ಲೌಸು, ಧಾರಾಳವಾಗಿ ಸೋಪು, ಇನ್ನೂ ಧಾರಾಳವಾಗಿ ನೀರು. ಬ್ಲೀಚಿಂಗ್ ನೀರು ಅಲ್ಲಿ ಮೊದಲ ಮದ್ದಲ್ಲ.

ಸೋಪಿನ ಅಣುವಿನ ಒಂದು ತುದಿಗೆ ನೀರು ಇಷ್ಟ, ಇನ್ನೊಂದಕ್ಕೆ ಜಿಡ್ಡು. ಹೀಗಾಗಿ ಅದು ಜಿಡ್ಡನ್ನು ಸುತ್ತುವರಿದು ನೀರಿನೊಂದಿಗೆ ಎಳೆದೊಯ್ಯುತ್ತದೆ. ಕೊಬ್ಬಿನ ಹೊದಿಕೆಯಿರುವ ಕೆಲವು ವೈರಸ್ಸುಗಳ ಹೊದಿಕೆಯನ್ನೇ ಹರಿದುಹಾಕುತ್ತದೆ. ಬೋರ್‌ವೆಲ್ ನೀರು ಗಡಸಾಗಿದ್ದರೆ ಸೋಪು ನೊರೆ ಬಾರದೆ ಗಸಿಯಾಗಿ ಅಂಟಿಕೊಳ್ಳುತ್ತದೆ. ಅಂತಹ ಕಡೆ ಡಿಟರ್ಜೆಂಟ್ ವಾಸಿ. ರಕ್ತದ ಕಲೆಗೆ ಮೊದಲು ತಣ್ಣೀರೇ ಸರಿ. ಬಿಸಿನೀರು ಹಾಕಿದರೆ ಪ್ರೋಟೀನು ಮೊಟ್ಟೆ ಬೆಂದಂತೆ ಗಟ್ಟಿಯಾಗಿ ಕಲೆ ಅಲ್ಲೇ ನಿಲ್ಲುತ್ತದೆ. ಇದನ್ನು ವಿಜ್ಞಾನ ಪುಸ್ತಕ ಓದದ ಅಜ್ಜಿಯರೂ ಬಲ್ಲರು.

ಸೋಪಿನ ನೀರಿನಲ್ಲಿ ಉಜ್ಜಿದ ಮೇಲೆ ಬರೀ ನೀರಿನಿಂದ ಒರೆಸಿ ಸೋಪನ್ನು ತೆಗೆಯುವುದೂ ಮುಖ್ಯ. ಈಗ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ಕ್ವಾಟರ್ನರಿ ಅಮೋನಿಯಂ ಎಂಬ ಜಾತಿಯ ಸೋಂಕುನಿವಾರಕಗಳ ಅಣುವಿಗೆ ಧನ ವಿದ್ಯುದಂಶ, ಸೋಪಿನ ಅಣುವಿಗೆ ಋಣ. ಎರಡೂ ಸೇರಿದರೆ ಒಂದನ್ನೊಂದು ಹಿಡಿದುಕೊಂಡು ಎರಡೂ ನಿಷ್ಪ್ರಯೋಜಕ.

ಒರೆಸುವ ಬಟ್ಟೆಗೂ ಒಂದು ಲೆಕ್ಕವಿದೆ. ಚೌಕದ ಬಟ್ಟೆಯನ್ನು ಎರಡು ಸಲ ಮಡಚಿದರೆ ಒರೆಸಲು ಎಷ್ಟು ಹೊಸ ಮುಖಗಳು ಸಿಗುತ್ತವೆ? ನಾಲ್ಕು ಎನ್ನುವ ಮಕ್ಕಳೇ ಹೆಚ್ಚು. ಒಳಗು ಹೊರಗು ತಿರುವಿ ಎಣಿಸಿದರೆ ಎಂಟು. ಒಂದು ಮುಖ ಕೊಳೆಯಾದಂತೆ ಇನ್ನೊಂದಕ್ಕೆ ತಿರುಗಿಸುತ್ತಾ, ತಲೆಯ ಕಡೆಯಿಂದ ಕಾಲಿನ ಕಡೆಗೆ, ಮೇಲಿನಿಂದ ಕೆಳಕ್ಕೆ ಬರಬೇಕು. ಗಾಲಿ ಕಟ್ಟಕಡೆಗೆ. ಗಾಲಿ ಒರೆಸಿದ ಬಟ್ಟೆಯಿಂದ ದಿಂಬಿನ ಜಾಗ ಒರೆಸುವುದೆಂದರೆ ಆಸ್ಪತ್ರೆಯ ನೆಲವನ್ನೆಲ್ಲ ರೋಗಿಯ ಮುಖಕ್ಕೆ ಬಳಿದಂತೆ. ಕೊಳೆಯಾದ ಬಟ್ಟೆಯನ್ನು ಮತ್ತೆ ಶುದ್ಧ ದ್ರಾವಣದ ಬಕೆಟ್ಟಿಗೆ ಅದ್ದಲೂ ಬಾರದು.

ದಶಮಾಂಶದ ಲೆಕ್ಕ

ಕ್ಲೋರಿನ್ನಿನ ಕೀರ್ತಿ ಹಳೆಯದು. ವಿಯೆನ್ನಾದ ಹೆರಿಗೆ ಆಸ್ಪತ್ರೆಯೊಂದರಲ್ಲಿ 1847ರಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ತರುಣ ವೈದ್ಯ, ಶವಪರೀಕ್ಷೆ ಮುಗಿಸಿ ಬರುವವರು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕೈ ತೊಳೆಯಬೇಕೆಂದು ಕಡ್ಡಾಯ ಮಾಡಿದ. ಏಪ್ರಿಲ್‌ನಲ್ಲಿ ಶೇ. 18ರ ಆಸುಪಾಸಿನಲ್ಲಿದ್ದ ಬಾಣಂತಿಯರ ಸಾವು ಜೂನ್ ಹೊತ್ತಿಗೆ ಶೇ. 2ರ ಆಸುಪಾಸಿಗೆ ಇಳಿಯಿತು. ಆತ ಆ ಪುಡಿಯನ್ನು ಆರಿಸಿಕೊಂಡದ್ದು ಶವದ ವಾಸನೆ ಹೋಗಲೆಂದು! ಸೋಪಿನಿಂದ ತೊಳೆದ ಕೈಯಲ್ಲೂ ಆ ವಾಸನೆ ಉಳಿಯುತ್ತಿತ್ತು. ಮೂಗು ಆ ಸಲ ಸರಿದಾರಿ ತೋರಿಸಿತು. ಎಲ್ಲ ಸಲವೂ ತೋರಿಸುವುದಿಲ್ಲ. ನೀರಿಗೆ ಹಾಕಿದಾಗ ಬೆಳ್ಳಗಾಗುವ, ಘಮ್ಮೆನ್ನುವ ಫಿನಾಯಿಲ್ ಇದೆಯೆಂದರೆ ಸೋಂಕು ಹೋಯಿತೆಂದೇ ನಂಬುವವರಿದ್ದಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ನೆಲಕ್ಕೆ ಅದು ಸರಿ. ರೋಗಿಯ ಮೈ ತಾಗುವ ರೆಕ್ಸಿನ್ನಿಗೆ ಅಲ್ಲ.

ಎಷ್ಟು ಕ್ಲೋರಿನ್ ಬೇಕು? ಬರೀ ಮೇಲ್ಮೈ ಒರೆಸಲು ಶೇ. 0.1 ಸಾಕು, ರಕ್ತ ಚೆಲ್ಲಿದ್ದರೆ ಶೇ. 0.5 ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಭಾರತದಲ್ಲಿ ಕೋವಿಡ್ ರೋಗಿಗಳ ಸಾಗಾಟಕ್ಕೆ 2020ರಲ್ಲಿ ಹೊರಡಿಸಿದ ನಿಯಮಗಳು ಶೇ. 1ರ ಸೋಡಿಯಂ ಹೈಪೋಕ್ಲೋರೈಟ್ ಎಂದವು. ಅಂಗಡಿಯಲ್ಲಿ ಸಿಗುವ ದ್ರಾವಣ ಶೇ. 5ರದಾದರೆ ಶೇ. 1 ಮಾಡಲು ಒಂದು ಲೀಟರಿಗೆ ಎಷ್ಟು ನೀರು? ಐದು ಲೀಟರ್ ಎಂದು ಥಟ್ಟನೆ ಬರುವ ಉತ್ತರ ತಪ್ಪು. ಒಟ್ಟು ಐದು ಲೀಟರಾಗಬೇಕು, ಆದ್ದರಿಂದ ನೀರು ನಾಲ್ಕೇ ಲೀಟರು. ಶೇ. 0.1 ಬೇಕಿದ್ದರೆ ಒಂದು ಲೀಟರ್ ದ್ರಾವಣದಲ್ಲಿ 20 ಮಿಲಿಲೀಟರ್ ಮಾತ್ರ. ಬ್ಲೀಚಿಂಗ್ ಪುಡಿಯಾದರೆ ಹೊಸದಿರುವಾಗ ಅದರಲ್ಲಿ ಮೂರರಲ್ಲೊಂದು ಪಾಲು ಕ್ಲೋರಿನ್ ದೊರೆಯುತ್ತದೆ, ಶೇ. 1ಕ್ಕೆ ಲೀಟರಿಗೆ 30 ಗ್ರಾಂ. ಕಲಸಿ, ತಳ ಕಟ್ಟಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಬಳಸಬೇಕು.

‘ಸ್ವಲ್ಪ ಜಾಸ್ತಿ ಹಾಕಿದರೆ ಒಳ್ಳೆಯದೇ ಅಲ್ಲವೇ’ ಎಂಬ ಧಾರಾಳತನದಿಂದಲೇ ಮೂರನೆಯ ಕೆಂಪು ಹುಟ್ಟುವುದು. ಕ್ಲೋರಿನ್ ಕಬ್ಬಿಣವನ್ನು ತಿನ್ನುತ್ತದೆ, ಸ್ಟೇನ್‌ಲೆಸ್ ಸ್ಟೀಲಿನಲ್ಲೂ ಸಣ್ಣ ಗುಳಿ ಕೊರೆಯುತ್ತದೆ. ರೆಕ್ಸಿನ್ ಬಿರುಕು ಬಿಡುತ್ತದೆ. ಆ ಗುಳಿ, ಆ ಬಿರುಕುಗಳೇ ರೋಗಾಣುವಿನ ಮನೆ. ಬಿರುಕಿನಿಂದ ಒಳಗಿನ ಸ್ಪಂಜಿಗೆ ರಕ್ತ ಇಳಿದರೆ ಅದನ್ನು ಯಾವ ದ್ರಾವಣವೂ ಮುಟ್ಟಲಾರದು. ಹಾಸಿಗೆ ಬದಲಿಸುವುದೊಂದೇ ದಾರಿ. ಹರಿದ ರೆಕ್ಸಿನ್ನಿಗೆ ಮೆಡಿಕಲ್ ಟೇಪು ಅಂಟಿಸಿ ವರ್ಷ ದೂಡುವುದು ಉಳಿತಾಯದ ಲೆಕ್ಕದಲ್ಲಿ ಬರುತ್ತದಾದರೂ ಆ ಉಳಿತಾಯದ ಬೆಲೆ ತೆರುವವರು ಮುಂದಿನ ರೋಗಿಗಳು. ಕ್ಲೋರಿನ್ ಬಳಸಿ ಅದರ ಸಮಯ ಮುಗಿದ ಮೇಲೆ ಲೋಹದ ಭಾಗಗಳನ್ನು ನೀರಿನಿಂದ ಒರೆಸಿ ಒಣಗಿಸಬೇಕು.

ಅದರ ಸಮಯ ಎಂದರೆ? ದ್ರಾವಣ ತಾಗಿದ ಕೂಡಲೇ ರೋಗಾಣು ಸಾಯುವುದಿಲ್ಲ. ಹತ್ತು ನಿಮಿಷ, ಅಥವಾ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು, ಮೇಲ್ಮೈ ಒದ್ದೆಯಾಗಿಯೇ ಇರಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಹೊಸಪೇಟೆಯ ತಾಪಮಾನ 40 ಡಿಗ್ರಿ ಮುಟ್ಟಿದಾಗ ಒರೆಸಿದ ಸ್ಟ್ರೆಚರು ಕಣ್ಣೆದುರೇ ಆರಿಹೋಗುತ್ತದೆ. ಆರಿದರೆ ಕೆಲಸವೂ ನಿಂತಂತೆ. ನೆರಳಿನಲ್ಲಿ ಇಟ್ಟು, ಬೇಕಾದರೆ ಮತ್ತೊಮ್ಮೆ ಒದ್ದೆ ಮಾಡಬೇಕು. ಬಿಸಿಲಿನ ಇನ್ನೊಂದು ಪೆಟ್ಟು ದಾಸ್ತಾನಿಗೆ. ಹೈಪೋಕ್ಲೋರೈಟ್ ಬಿಸಿಗೂ ಬೆಳಕಿಗೂ ಕೆಡುತ್ತದೆ. ಬಾಯಿ ಬಿಚ್ಚಿಟ್ಟ ಬ್ಲೀಚಿಂಗ್ ಚೀಲದಲ್ಲಿ ಕೆಲವು ತಿಂಗಳಾದ ಮೇಲೆ ಉಳಿಯುವುದು ಹೆಚ್ಚಾಗಿ ಸುಣ್ಣ. ಲೆಕ್ಕ ಸರಿಯಾಗಿ ಹಾಕಿದರೂ ಪುಡಿಯಲ್ಲೇ ಸತ್ವವಿಲ್ಲದಿದ್ದರೆ ಏನು ಮಾಡುವುದು? ಆದ್ದರಿಂದ ತಂಪಾದ, ಕತ್ತಲೆಯ ಜಾಗ. ಮುಚ್ಚಿದ ಪ್ಲಾಸ್ಟಿಕ್ ಪಾತ್ರೆ. ಪ್ರತಿದಿನ ಹೊಸ ದ್ರಾವಣ.

ರಕ್ತ ಹೆಚ್ಚಾಗಿ ಚೆಲ್ಲಿದಾಗ ಮಾತ್ರ ‘ಮೊದಲು ಸೋಪು’ ಎಂಬ ನಿಯಮಕ್ಕೆ ವಿನಾಯಿತಿ ಇದೆ. ಅಪಘಾತದ ರೋಗಿಯನ್ನು ಇಳಿಸಿದ ಸ್ಟ್ರೆಚರಿನಲ್ಲಿ ರಕ್ತ ನಿಂತಿದ್ದರೆ ಅದರ ಮೇಲೆ ಹೀರುವ ಬಟ್ಟೆಯೋ ಕಾಗದವೋ ಹಾಕಿ, ಶೇ. 1ರ ದ್ರಾವಣ ಸುರಿದು, ಹತ್ತು ನಿಮಿಷ ಬಿಟ್ಟು ಆಮೇಲೆ ತೆಗೆಯಬೇಕು. ಇದು ತೊಳೆಯುವವರ ರಕ್ಷಣೆಗಾಗಿ. ಒಳಗಿನ ವೈರಸ್ಸು ಪೂರ್ತಿ ಸಾಯದಿದ್ದರೂ ಬಲ ಕುಂದಿರುತ್ತದೆ. ನಂತರ ಸೋಪು, ನೀರು, ಮತ್ತೆ ಕ್ಲೋರಿನ್. ಸೂಜಿ ಸಿಕ್ಕಿದರೆ ಇಕ್ಕಳದಿಂದ ಎತ್ತಬೇಕೇ ಹೊರತು ಬೆರಳಿನಿಂದಲ್ಲ. ರಕ್ತ ಹೀರಿದ ಬಟ್ಟೆ, ಹತ್ತಿ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಹಳದಿ ಚೀಲಕ್ಕೆ, ಗ್ಲೌಸು ಕೆಂಪು ಚೀಲಕ್ಕೆ.

ತೊಳೆಯುವವರಿಗಿರುವ ಅತಿ ದೊಡ್ಡ ಅಪಾಯ ರೋಗಾಣುವಿನಿಂದಲೇ ಬರಬೇಕೆಂದಿಲ್ಲ, ಎರಡು ಬಾಟಲಿಗಳ ಸ್ನೇಹದಿಂದಲೂ ಬರಬಹುದು. ಶೌಚಾಲಯ ತೊಳೆಯುವ ದ್ರವಗಳಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲವಿರುತ್ತದೆ. ಕಲೆ ಹೋಗಲಿಲ್ಲವೆಂದು ಬ್ಲೀಚಿಂಗ್ ನೀರಿಗೆ ಅದನ್ನೂ ಸುರಿದರೆ ಹಸಿರು ಮಿಶ್ರಿತ ಹಳದಿ ಬಣ್ಣದ ಕ್ಲೋರಿನ್ ಅನಿಲ ಏಳುತ್ತದೆ. ಮೊದಲ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 22ರಂದು, ಬೆಲ್ಜಿಯಂನ ಈಪ್ರ್ ಬಳಿ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲ. ಅಮೋನಿಯ ಇರುವ ಕ್ಲೀನರ್ ಬೆರೆಸಿದರೂ ವಿಷಾನಿಲವೇ. ಮುಚ್ಚಿದ ಆಂಬುಲೆನ್ಸಿನಲ್ಲಿ ಓಡಿಹೋಗಲೂ ಜಾಗವಿಲ್ಲ. ಎಲ್ಲ ಬಾಗಿಲು ತೆರೆದು, ಗ್ಲೌಸು, ಮಾಸ್ಕು, ಕಣ್ಣಿಗೆ ಕನ್ನಡಕ ಹಾಕಿಯೇ ಕೆಲಸ ಮಾಡಬೇಕು. ಕಣ್ಣಿಗೆ ಹನಿ ಸಿಡಿದರೆ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ನಂತರ ವೈದ್ಯರ ಬಳಿ ಓಡಬೇಕು. ಈ ಮಾತು ಆಸ್ಪತ್ರೆಯಷ್ಟೇ ಮನೆಯ ಬಚ್ಚಲಿಗೂ ಅನ್ವಯಿಸುತ್ತದೆ.

ಕ್ಲೋರಿನ್ನಿನ ಗೋಜೇ ಬೇಡ, ಸ್ಪಿರಿಟ್ ಒರೆಸಿದರಾಯಿತು ಎನ್ನುವವರೂ ಇದ್ದಾರೆ. ಶೇ. 70ರ ಆಲ್ಕೋಹಾಲು ಸಣ್ಣ ಭಾಗಗಳಿಗೆ, ತುಕ್ಕು ಹಿಡಿಯಬಾರದ ಬಕ್ಕಲ್ಲಿಗೆ ಒಳ್ಳೆಯದೇ. ಶೇ. 95ರದ್ದಕ್ಕಿಂತ 70ರದ್ದೇ ಪರಿಣಾಮಕಾರಿ, ಏಕೆಂದರೆ ಪ್ರೋಟೀನು ಕೆಡಲು ನೀರೂ ಬೇಕು. ಆದರೆ ಅದು ಬೆಂಕಿಯ ಸಂಬಂಧಿ. 2021ರ ಮೇ ತಿಂಗಳಲ್ಲಿ ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ, ಉಕ್ಕಿನ ಕಾರ್ಖಾನೆಯ ಆಮ್ಲಜನಕವನ್ನೇ ಬಳಸಿಕೊಂಡು 1000 ಹಾಸಿಗೆಯ ತಾತ್ಕಾಲಿಕ ಕೋವಿಡ್ ಆಸ್ಪತ್ರೆ ಎದ್ದಿತು. ಅಂತಹ ಕಡೆ, ಅಥವಾ ಆಮ್ಲಜನಕದ ಸಿಲಿಂಡರ್ ಇರುವ ಯಾವುದೇ ಆಂಬುಲೆನ್ಸಿನಲ್ಲಿ, ಸ್ಟ್ರೆಚರಿಗೆಲ್ಲ ಸ್ಪಿರಿಟ್ ಸುರಿಯುವುದು ಎಂತಹ ಹುಚ್ಚುತನವೆಂದು ಹೇಳಬೇಕಿಲ್ಲ.

ಹಂಪಿಯ ಬಂಡೆ, ಮನೆಯ ಕುರ್ಚಿ

ಗಾಲಿಯ ಸ್ಟ್ರೆಚರು ಹಂಪಿಯಲ್ಲಿ ಹೆಚ್ಚು ದೂರ ಓಡದು. ಸೂರ್ಯೋದಯ ನೋಡಲು ಮಾತಂಗ ಪರ್ವತ ಹತ್ತಿ ಕಾಲು ಜಾರಿದವರನ್ನು ಬಂಡೆಗಳ ನಡುವೆ ಕೈಯಲ್ಲೇ ಇಳಿಸಬೇಕು. ಅಂತಹ ಕಡೆ ಮಡಚುವ ಕ್ಯಾನ್ವಾಸ್ ಸ್ಟ್ರೆಚರು ಅನುಕೂಲ. ಆದರೆ ಕ್ಯಾನ್ವಾಸೂ, ರೋಗಿಯನ್ನು ಬಿಗಿಯುವ ನೂಲಿನ ಬೆಲ್ಟೂ ನೇಯ್ದ ವಸ್ತುಗಳು. ಎಳೆಗಳ ನಡುವೆ ಇಳಿದ ರಕ್ತ ಒರೆಸಿದರೆ ಹೋಗದು. ಬಿಚ್ಚಿ, ಡಿಟರ್ಜೆಂಟಿನಲ್ಲಿ ಒಗೆದು, ಪೂರ್ತಿ ಒಣಗಿಸಬೇಕು. ಬದಲಿಗೆ ಇನ್ನೊಂದು ಜೊತೆ ಇಲ್ಲದಿದ್ದರೆ ಯಾರೂ ಬಿಚ್ಚಲು ಹೋಗುವುದಿಲ್ಲ. ಹಂಪಿ ಉತ್ಸವದಂತಹ ಜನಜಂಗುಳಿಯಲ್ಲಿ ಒಬ್ಬರ ಹಿಂದೆ ಒಬ್ಬರು ಬಂದರೆ ಹತ್ತು ನಿಮಿಷ ಕಾಯಲು ವ್ಯವಧಾನವೆಲ್ಲಿ? ಆಗ ಎರಡನೆಯ ಸ್ಟ್ರೆಚರಿಗಿಂತ ದೊಡ್ಡ ಸೋಂಕುನಿವಾರಕವಿಲ್ಲ.

ಸೊಂಟ ಮುರಿದ ಅಜ್ಜಿಗೆಂದು ಮನೆಗೆ ಬಾಡಿಗೆಯ ಗಾಲಿಕುರ್ಚಿ ತರುವುದು ಈಗ ಅಪರೂಪವಲ್ಲ. ಅದರಲ್ಲಿ ಹಿಂದೆ ಯಾರು ಕುಳಿತಿದ್ದರೋ ಬಲ್ಲವರಿಲ್ಲ. ಮನೆಗೆ ಬಂದ ದಿನವೇ ಅದನ್ನು ತೊಳೆಯುವ ಕೆಲಸವನ್ನು ಹೈಸ್ಕೂಲು ಮಕ್ಕಳಿಗೆ ವಹಿಸಬಹುದು. ಸೋಪಿನ ನೀರಿನ ಕೆಲಸ ಅವರದು, ಕ್ಲೋರಿನ್ ಮಾತ್ರ ದೊಡ್ಡವರ ಕೈಯಲ್ಲಿರಲಿ. ಪೈಪಿನ ನೀರನ್ನು ರಭಸದಿಂದ ಗಾಲಿಯ ಬೇರಿಂಗಿಗೆ ಬಿಡಬಾರದು; ಗ್ರೀಸು ಹೋಗಿ ತುಕ್ಕು ಬರುತ್ತದೆ. ಬ್ಯಾಟರಿಯಿಂದ ನಡೆಯುವುದಾದರೆ ನೀರು ಸುರಿಯಲೇಬಾರದು.

ಒರೆಸಿದ್ದು ಸರಿಯಾಯಿತೇ ಎಂದು ನೋಡಲು ದೊಡ್ಡ ಆಸ್ಪತ್ರೆಗಳಲ್ಲಿ ಒಂದು ಉಪಾಯವಿದೆ. ಕಣ್ಣಿಗೆ ಕಾಣದ, ಅತಿನೇರಳೆ ಬೆಳಕಿನಲ್ಲಿ ಮಾತ್ರ ಹೊಳೆಯುವ ಲೇಪವನ್ನು ಅಲ್ಲಲ್ಲಿ ಮೊದಲೇ ಹಚ್ಚಿಟ್ಟು, ಒರೆಸಿದ ಮೇಲೆ ವಿಶೇಷ ಟಾರ್ಚು ಹಿಡಿದು ಉಳಿದ ಗುರುತುಗಳನ್ನು ಎಣಿಸುತ್ತಾರೆ. ಇದನ್ನೇ ಅಡುಗೆಮನೆಯ ಅರಿಶಿನದಿಂದ ಮಾಡಬಹುದು. ಒಂದು ಚಿಟಿಕೆ ಅರಿಶಿನವನ್ನು ಎರಡು ಹನಿ ಎಣ್ಣೆಯಲ್ಲಿ ಕಲಸಿ, ಕುರ್ಚಿಯ ಸ್ಟೀಲಿನ ಭಾಗಗಳ ಮೇಲೆ ಹತ್ತು ಕಡೆ, ಹಿಡಿಯ ಅಡಿ, ಬ್ರೇಕಿನ ಸನ್ನೆ, ಕಾಲಿಡುವ ಪಟ್ಟಿಯ ಕೆಳಗೂ ಸೇರಿಸಿ, ತೆಳುವಾಗಿ ಹಚ್ಚಬೇಕು. ತಮ್ಮನನ್ನೋ ತಂಗಿಯನ್ನೋ ಕರೆದು ಒದ್ದೆ ಬಟ್ಟೆಯಿಂದ ಕುರ್ಚಿ ಒರೆಸಲು ಹೇಳಬೇಕು, ಗುರುತಿನ ವಿಷಯ ಬಾಯಿ ಬಿಡಬಾರದು. ಆಮೇಲೆ ಬಟ್ಟೆ ಸೋಪಿನ ನೀರನ್ನು ಹತ್ತೂ ಕಡೆ ಸವರಿದರೆ, ಅರಿಶಿನ ಉಳಿದ ಜಾಗವೆಲ್ಲ ಪ್ರತ್ಯಾಮ್ಲಕ್ಕೆ ಕೆಂಪಾಗುತ್ತದೆ. ಈ ನಾಲ್ಕನೆಯ ಕೆಂಪಿನಿಂದ ಅಪಾಯವಿಲ್ಲ. ಅದು ಹೆಚ್ಚಾಗಿ ಕಾಣಿಸುವುದು ಹಿಡಿಯ ಅಡಿಯಲ್ಲಿ, ಅಜ್ಜಿಯ ಬೆರಳುಗಳು ಬಿಗಿಯಾಗಿ ಹಿಡಿಯುವ ಕಡೆ.

ಅದನ್ನೂ ಉಜ್ಜಿ ತೆಗೆದು, ನೀರು ಒರೆಸಿ, ಪೂರ್ತಿ ಆರಿದ ಮೇಲೆ ಬ್ರೇಕು ಹಾಕಿ ಕುರ್ಚಿಯನ್ನು ಒಮ್ಮೆ ತಳ್ಳಿ ನೋಡಬೇಕು. ಒದ್ದೆ ಗಾಲಿ ಗಾರೆ ನೆಲದ ಮೇಲೆ ಬ್ರೇಕು ಹಾಕಿದರೂ ಜಾರುತ್ತದೆ. ಅಲುಗಲಿಲ್ಲ ಎಂದಾದ ಮೇಲಷ್ಟೇ ಅಜ್ಜಿಯನ್ನು ಕೂರಿಸುವುದು.